ಬಸ್ ಸ್ಟಾಪಿನ ಫೋನ್ ಯಾಕೆ ಅಂತ ಕೇಳಿದೆಯಲ್ಲ

ಹೋದ ತಿಂಗಳು ನೀನು ಬಂದಾಗ ನಮ್ಮ ಬಸ್ ಸ್ಟಾಪಿನ ತಗಡಿನ ಪೆಟ್ಟಿಗೆ ತೆಗೆದು ನೋಡಿ ನಕ್ಕೆ. "ಎಲ್ಲರ ಜೇಬಲ್ಲೂ ಮೊಬೈಲ್ ಇದೆ, ಇದೇನು ಮಾರಾಯ ಮ್ಯೂಸಿಯಮ್ಮಾ? ಅದೂ ಹೆಂಡತಿಗೆ ಫೋನ್ ಮಾಡಿದರೂ ಹೋಗಲ್ಲ!" ಅಂದೆ. ಅವತ್ತು ಕಾಫಿ ಕೊಟ್ಟು ಸುಮ್ನಾದೆ. ನಿನ್ನ ಮೊಬೈಲನ್ನೇ ನೀನು ಕೈಯೆತ್ತಿ ಹಿಡಿದುಕೊಂಡು ನಮ್ಮ ಅಂಗಳದ ತುಂಬಾ ಓಡಾಡಿದ್ದನ್ನೂ ನೋಡಿದೆ, ಹೇಳಲಿಲ್ಲ ಅಷ್ಟೆ.

ಕೊಟ್ಟಿಗೆಹಾರ ದಾಟಿದ ಮೇಲೆ ಹೆದ್ದಾರಿ 73 ಚಾರ್ಮಾಡಿ ಘಾಟಿಯ ಕಡೆ ತಿರುಗುತ್ತದಲ್ಲ, ಆಮೇಲೆ ನಮ್ಮದು. ಬಸ್ ಸ್ಟಾಪ್ ಇರುವುದು ತಗ್ಗಿನಲ್ಲಿ, ಅಲ್ಲಿ ಯಾವ ಕಂಪನಿಯ ನೆಟ್‌ವರ್ಕೂ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬರಲ್ಲ. ಹತ್ತಿರದ ಟವರ್ ಬ್ಯಾಟರಿಯ ಮೇಲೆ ಸ್ವಲ್ಪ ಹೊತ್ತು ಇದ್ದು ಅದೂ ಮಲಗುತ್ತದೆ. ಮೊದಲು ಲ್ಯಾಂಡ್‌ಲೈನ್ ಇದ್ದಾಗ ಈ ಕಾಟ ಇರಲಿಲ್ಲ. ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ 48 ವೋಲ್ಟ್ ಬರುತ್ತಿತ್ತು, ಮನೆಯಲ್ಲಿ ದೀಪ ಇಲ್ಲದಿದ್ದರೂ ಫೋನ್ ಇರುತ್ತಿತ್ತು. 2019ರ ಆಗಸ್ಟಿನಲ್ಲಿ ಘಾಟಿ ಕುಸಿದು ರಸ್ತೆ ಮುಚ್ಚಿದಾಗ ಇಲ್ಲಿ ಸಿಕ್ಕಿಹಾಕಿಕೊಂಡವರಿಗೆ ನಾವು ಚಹಾ ಕೊಟ್ಟೆವು, ಹೊದಿಕೆ ಕೊಟ್ಟೆವು, ಒಂದು ಫೋನ್ ಕೊಡಲಿಕ್ಕೆ ಆಗಲಿಲ್ಲ. ಅದಾದ ಮೇಲೆ ಆರು ಮನೆಯವರು ದುಡ್ಡು ಹಾಕಿದ್ದು.

ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ದಿಬ್ಬದ ಮೇಲಿನ ನಮ್ಮ ಮನೆಯಲ್ಲಿ ಸಿಮ್ ಹಾಕಿದರೆ ಹಳೇ ಫೋನಿಗೂ ಲೈನ್ ಕೊಡುವ ಒಂದು ಡಬ್ಬಿ, ಮಾಡಿನ ಮೇಲೆ ಉದ್ದದ ಆಂಟೆನಾ, 12 ವೋಲ್ಟಿನ ಬ್ಯಾಟರಿ. ಡಬ್ಬಿಯಿಂದ ಸಿಲ್ವರ್ ಮರಗಳ ಮೇಲೆ ತಂತಿ ಎಳೆದು ಕೆಳಗೆ ಬಸ್ ಸ್ಟಾಪಲ್ಲಿ ಒಂದು ಹಳೇ ಫೋನ್. ಶುರುವಿನಲ್ಲಿ ಎಲ್ಲ ನಂಬರಿಗೂ ಬಿಟ್ಟಿದ್ದೆವು. ಎಂಟು ದಿನದಲ್ಲಿ ಮೆಣಸಿನ ರೇಟು ಕೇಳುವವರು, ಬಸ್ ಎಲ್ಲಿ ಬಂತು ಅಂತ ಕೇಳುವವರು, ಬಸ್ಸನ್ನೇ ಬಿಟ್ಟು ಮಾತಾಡುವವರು. ಈಗ ಡಬ್ಬಿಯಲ್ಲಿ ಮೂರೇ ನಂಬರಿಗೆ ಅನುಮತಿ: ತುರ್ತು ಸಹಾಯದ 112, ಆಂಬುಲೆನ್ಸಿನ 108, ಮತ್ತೆ ನಮ್ಮೂರ ಜೀಪಿನವರದ್ದು. ನಿಜ ಹೇಳಬೇಕಂದರೆ ಮೂರನೆಯದೇ ಜಾಸ್ತಿ ಕೆಲಸಕ್ಕೆ ಬರುವುದು. ಒಳಬರುವ ಕರೆಯನ್ನೂ ಮೊದಲು ಕಟ್ ಮಾಡಿದ್ದೆ, ಆಮೇಲೆ ತೆರೆದೆ. ಕರೆ ಅರ್ಧಕ್ಕೆ ನಿಂತರೆ 112ರವರು ತಿರುಗಿ ಮಾಡುತ್ತಾರೆ, ಅದು ಸಿಗಬೇಕಲ್ವಾ? ಅದಕ್ಕೇ ಅದೇ ಲೈನಿಗೆ ಮನೆಯಲ್ಲೂ ಒಂದು ಫೋನ್ ಇದೆ.

ಮೊದಲ ಜೂನ್‌ನಲ್ಲಿ ರಾತ್ರಿ ಎರಡು ಗಂಟೆಗೆ ಆ ಫೋನ್ ಹೊಡೆದುಕೊಂಡಿತು. "ಈ ನಂಬರಿಂದ 112ಕ್ಕೆ ಕರೆ ಬಂದಿತ್ತು, ಏನು ತೊಂದರೆ?" ಟಾರ್ಚ್ ಹಿಡಿದು ಕೆಳಗೆ ಇಳಿದೆ. ಪೆಟ್ಟಿಗೆ ಮುಚ್ಚಿದ ಹಾಗೇ ಇದೆ, ಒಂದು ನರಪಿಳ್ಳೆ ಇಲ್ಲ. ಮರುದಿನ ರಾತ್ರಿ ಮತ್ತೆ. ನನ್ನ ಹೆಂಡತಿ ದೆವ್ವ ಅಂತಲೇ ತೀರ್ಮಾನ ಮಾಡಿದಳು. ನಿನಗೆ ನೆನಪಿದೆಯಾ, ನಾವು ಶಾಲೆಗೆ ಹೋಗುವಾಗ ಅಂಗಡಿಯವರು ಫೋನಿನ ಡಯಲ್ಲಿಗೆ ಬೀಗ ಹಾಕುತ್ತಿದ್ದರು, ನಾವು ರಿಸೀವರ್ ಇಡುವ ಗುಂಡಿಯನ್ನು ಟಕಟಕ ಕುಟ್ಟಿ ನಂಬರ್ ಹೊಡೆಯುತ್ತಿದ್ದೆವು? ಒಂದಕ್ಕೆ ಒಂದು ಸಲ, ಎರಡಕ್ಕೆ ಎರಡು, ಸೊನ್ನೆಗೆ ಹತ್ತು. ಮಳೆಗೂ ಆ ವಿದ್ಯೆ ಗೊತ್ತು. ತಂತಿಯ ಜಾಯಿಂಟಿಗೆ ನೀರು ಹೋಗಿ, ಗಾಳಿಗೆ ಮುಟ್ಟಿ ಬಿಟ್ಟು ಮಾಡಿದರೆ ಡಬ್ಬಿಗೆ ಅದು ಕುಟ್ಟಿದ ಹಾಗೇ ಕೇಳುತ್ತದೆ. 112ಕ್ಕೆ ನಾಲ್ಕೇ ಕುಟ್ಟು ಸಾಕು. ಹಳೇ 100 ಆಗಿದ್ದರೆ ಇಪ್ಪತ್ತೊಂದು ಬೇಕಿತ್ತು, ಅಷ್ಟು ತಾಳ್ಮೆ ನಮ್ಮ ಮಳೆಗೂ ಇಲ್ಲ. ಡಬ್ಬಿಯಲ್ಲಿ ಪಲ್ಸ್, ಅಂದರೆ ಈ ಕುಟ್ಟನ್ನು ನಂಬರ್ ಅಂತ ಎಣಿಸುವುದನ್ನು, ತೆಗೆದು ಬರೀ ಟೋನ್, ಅಂದರೆ ಗುಂಡಿ ಒತ್ತಿದಾಗ ಬರುವ ಸದ್ದು, ಇಟ್ಟೆ, ಜಾಯಿಂಟ್ ಇಲ್ಲದ ಜೆಲ್ಲಿ ತುಂಬಿದ ಕೇಬಲ್ ಎಳೆಸಿದೆ. ದೆವ್ವ ಹೋಯಿತು.

ಹೋಗದೇ ಇರುವುದು ಇನ್ನೊಂದಿದೆ. ಅವತ್ತು ರಾತ್ರಿ 112ರಿಂದ ಮಾತಾಡಿದ ಹುಡುಗಿ ಕೇಳಿದ ಎರಡನೇ ಪ್ರಶ್ನೆ: "ಸರ್, ನೀವು ಬೆಳ್ತಂಗಡಿ ತಾಲೂಕಲ್ಲಿ ಎಲ್ಲಿ?" ನಾನು ಮೂಡಿಗೆರೆ ತಾಲೂಕು ಅಂದೆ. "ಇಲ್ಲಿ ಬೆಳ್ತಂಗಡಿ ತೋರಿಸ್ತಿದೆ" ಅಂದಳು, ನನ್ನ ಮನೆ ಎಲ್ಲಿದೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲವೇನೋ ಅನ್ನುವ ದನಿಯಲ್ಲಿ. ತಪ್ಪು ಅವಳದ್ದಲ್ಲ. ನಮ್ಮ ಕಡೆಯ ಟವರ್ ಮಲಗಿದಾಗ ಆಂಟೆನಾ ಘಟ್ಟದ ಕೆಳಗಿನ ಟವರ್ ಹಿಡಿಯುತ್ತದೆ. ಸಿಕ್ಕಿದ್ದೇ ಪುಣ್ಯ, ಆದರೆ ಆ ಕ್ಷಣದಿಂದ ನಾವು ದಕ್ಷಿಣ ಕನ್ನಡದವರು.

ಜನರ ಬಾಯಿ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಎರಡು ವರ್ಷದ ಹಿಂದೆ ಜುಲೈನಲ್ಲಿ ಒಬ್ಬ ಹುಡುಗ ಬೈಕಿಂದ ಬಿದ್ದು ಕಾಲು ಮುರಿದುಕೊಂಡ. ಜೊತೆಯವನು 108ಕ್ಕೆ ಮಾಡಿ "ಚಾರ್ಮಾಡಿಯಲ್ಲಿ ಇದ್ದೀವಿ" ಅಂದ. ಊರಿನವನಲ್ಲ, ಘಾಟಿಯ ಹೆಸರು ಮಾತ್ರ ಗೊತ್ತು. ಚಾರ್ಮಾಡಿ ಅನ್ನುವ ಊರು ಇರುವುದು ಘಾಟಿಯ ಬುಡದಲ್ಲಿ, ಬೆಳ್ತಂಗಡಿ ತಾಲೂಕಲ್ಲಿ. ಆಂಬುಲೆನ್ಸ್ ಪಾಪ ಅಲ್ಲಿಗೇ ಹೋಗಿ ನಿಂತಿತು, ಇವನು ಇಲ್ಲಿ ಮಂಜಲ್ಲಿ ನರಳುತ್ತಿದ್ದಾನೆ, ನಡುವೆ ಘಾಟಿಯ ಅಷ್ಟೂ ತಿರುವು. ಕೊನೆಗೆ ಜೀಪಲ್ಲೇ ಮೂಡಿಗೆರೆಗೆ ಕರೆದುಕೊಂಡು ಹೋದೆವು.

ನಿಮ್ಮ ಬೆಂಗಳೂರಲ್ಲೂ ಅಷ್ಟೇ ಅಲ್ವಾ, ನನ್ನ ಮಾತು ಕೇಳಿ "ಮಂಗಳೂರಾ?" ಅಂತೀರಿ. ಮಂಗಳೂರಿನವರು "ಘಟ್ಟದವರು" ಅಂತಾರೆ. ರೇಷನ್ನು ಮೂಡಿಗೆರೆ, ಮಗಳ ಕಾಲೇಜು ಉಜಿರೆ, ಅಮ್ಮನ ಹಾರ್ಟಿನ ಡಾಕ್ಟರ್ ಮಂಗಳೂರು, ಕೋರ್ಟು ಕಚೇರಿ ಚಿಕ್ಕಮಗಳೂರು. ನಮಗೇನೂ ಗೊಂದಲ ಇಲ್ಲ. ಗೊಂದಲ ಇರುವುದು ಪರದೆ ನೋಡಿ ಊರು ಹೇಳುವವರಿಗೆ.

ಅದಕ್ಕೇ ಫೋನಿನ ಹತ್ತಿರ ನೀನು ನೋಡಿ ನಕ್ಕ ಆ ಹಳದಿ ತಗಡು. "ಚಾರ್ಮಾಡಿ ಅನ್ನಬೇಡಿ. ಹೀಗೆ ಓದಿ: ಮೂಡಿಗೆರೆ ತಾಲೂಕು, ಚಿಕ್ಕಮಗಳೂರು ಜಿಲ್ಲೆ, ಕೊಟ್ಟಿಗೆಹಾರ ದಾಟಿ ಘಾಟಿಯ ಮೇಲಿನ ಬಸ್ ಸ್ಟಾಪ್." ಕೈಬರಹ ನನ್ನದೇ, ಚೆನ್ನಾಗಿಲ್ಲ, ಒಪ್ಪಿಕೊಂಡೆ. ಈ ಸಲದ ಮಳೆಗೆ ಮೂಡಿಗೆರೆಯ "ಡಿ" ಪೂರ್ತಿ ಹೋಗಿದೆ. ಭಾನುವಾರ ಬಿಸಿಲು ಬಂದರೆ ಕರಿ ಪೇಂಟ್ ತಗೊಂಡು ಇಳಿಯಬೇಕು.