ಅಂಕ ಇದೆ, ಕೆಲಸದ ಅಭ್ಯಾಸ ಇಲ್ಲ

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದೇನೆ. ಅಂಕ ಚೆನ್ನಾಗಿದೆ. ಆದರೆ ಸಂದರ್ಶನದಲ್ಲಿ ಗಿಟ್ (ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಟೂಲ್), ಟೆಸ್ಟಿಂಗ್ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ಕಾಲೇಜಿನಲ್ಲಿ ಕಲಿತದ್ದೆಲ್ಲ ವ್ಯರ್ಥವೇ?

ಉತ್ತರ: ಖಂಡಿತ ಅಲ್ಲ. ಡೇಟಾಬೇಸ್ ಪಾಠದಲ್ಲಿ ಬರುವ ರಿಲೇಷನಲ್ ಮಾದರಿಯನ್ನು, ಅಂದರೆ ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸುವ ಕ್ರಮವನ್ನು, ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮುಂದಿಟ್ಟಿದ್ದು 1970ರಲ್ಲಿ, ಇವತ್ತಿಗೂ ಅದು ಎಲ್ಲೆಡೆ ಬಳಕೆಯಲ್ಲಿದೆ. ಹಾಗಾಗಿ ಅಡಿಪಾಯ ಬಿಡಬೇಡಿ. ತೊಂದರೆ ಇರುವುದು ಬೇರೆ ಕಡೆ. ಪರೀಕ್ಷೆಯಲ್ಲಿ ನೀವು ಒಬ್ಬರೇ ಕೂತು ಚಿಕ್ಕ ಪ್ರೋಗ್ರಾಂ ಅನ್ನು ಮೊದಲಿಂದ ಬರೆಯುತ್ತೀರಿ, ಕೆಲಸದಲ್ಲಿ ಮಾತ್ರ ಯಾರೋ ಬರೆದಿಟ್ಟ ಸಾವಿರಾರು ಸಾಲಿನ ಕೋಡ್ ಓದಿ, ತಪ್ಪು ಹುಡುಕಿ, ಉಳಿದದ್ದು ಕೆಡದ ಹಾಗೆ ಸರಿಮಾಡಬೇಕು. ಇದನ್ನು ಅಂಕ ಅಳೆಯುವುದಿಲ್ಲ, ಅಲ್ವಾ?

ಗಿಟ್ 2005ರಿಂದಲೇ ಇದೆ, ಉಚಿತ. ನಿಮ್ಮ ಪ್ರಾಜೆಕ್ಟ್ ಅನ್ನು ಇವತ್ತೇ ಅದರಲ್ಲಿ ಹಾಕಿ. ಆಮೇಲೆ ಸಹಪಾಠಿಯ ಪ್ರಾಜೆಕ್ಟ್ ತೆಗೆದುಕೊಂಡು, ಅವರನ್ನು ಏನೂ ಕೇಳದೆ ಓಡಿಸಿ ನೋಡಿ, ಒಂದು ದೋಷ ಸರಿಮಾಡಿ, ಅದು ಮತ್ತೆ ಬಾರದಂತೆ ಟೆಸ್ಟ್ (ಕೋಡ್ ಸರಿಯಾಗಿ ನಡೆಯುತ್ತದೆಯೇ ಅಂತ ಪರೀಕ್ಷಿಸುವ ಚಿಕ್ಕ ಪ್ರೋಗ್ರಾಂ) ಬರೆಯಿರಿ. ಸುಮ್ನೆ ಸರ್ಟಿಫಿಕೇಟ್ ಕೂಡಿಹಾಕುವುದಕ್ಕಿಂತ ಇದು ಜಾಸ್ತಿ ಕಲಿಸುತ್ತದೆ. ಸಂದರ್ಶನದಲ್ಲಿ ಆ ದೋಷ ಹೇಗೆ ಸಿಕ್ಕಿತು ಅಂತಲೇ ಹೇಳಿ.

ಕಂಪನಿಗಳಿಗೂ ಒಂದು ಮಾತು: ನಿಮ್ಮದೇ ಟೂಲ್ ಕಲಿಸುವ ಹೊಣೆಯನ್ನು ಪೂರ್ತಿ ಕಾಲೇಜಿನ ಮೇಲೆ ಹಾಕಬೇಡಿ.