ಆಫೀಸಿನ ಚಿಲಿ ಸ್ಪರ್ಧೆ ಗೆಲ್ಲಲು ಯಾವ ಗುಟ್ಟಿನ ಮಸಾಲೆ ಹಾಕಬೇಕು?

ಗುಟ್ಟಿನ ಮಸಾಲೆ ಹುಡುಕಿಕೊಂಡು ಹೊರಟರೆ ನೀವೂ ನನ್ನ ಹಾಗೆ ಕೊನೆಗೆ ತಳ ಸೀದ ಪಾತ್ರೆ ತಿಕ್ಕುತ್ತಾ ಕೂರುತ್ತೀರಿ. ಚಿಲಿಯನ್ನು, ಅಂದರೆ ಮಾಂಸ, ಒಣಮೆಣಸಿನಕಾಯಿ ಹಾಕಿ ನಿಧಾನವಾಗಿ ಬೇಯಿಸುವ ಅಮೆರಿಕದ ಗಟ್ಟಿ ಸಾರನ್ನು, ಎಲ್ಲರಿಗಿಂತ ಖಾರವಾಗಿ ಮಾಡಬೇಕು, ಜೊತೆಗೆ ಕಾಫಿ ಪುಡಿ ಹಾಕಲೋ ಚಾಕೊಲೇಟ್ ಹಾಕಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಅಷ್ಟು ಖಾರವಂತೂ ಬೇಡವೇ ಬೇಡ. ಆಫೀಸಿನ ಸ್ಪರ್ಧೆಯಲ್ಲಿ ಚಿಲಿ ಕೆಡುವುದು ಮಸಾಲೆಯಿಂದಲ್ಲ, ಹಿಂದಿನ ರಾತ್ರಿ ಒಲೆಯಿಂದ ಇಳಿಸಿದ ಮೇಲೆ ಮರುದಿನ ಬಡಿಸುವವರೆಗೆ ಅದನ್ನು ನೋಡಿಕೊಂಡ ರೀತಿಯಿಂದ.

ನನ್ನದು ಕೆಟ್ಟದ್ದು ಹೀಗೆ. ರಾತ್ರಿಯೇ ನಾಲ್ಕು ಲೀಟರ್ ಮಾಡಿ, ಮೆಕ್ಕೆಜೋಳದ ಹಿಟ್ಟು ಕದಡಿ ಗಟ್ಟಿ ಮಾಡಿ, ಫ್ರಿಜ್ಜಿಗಿಟ್ಟೆ. ಬೆಳಿಗ್ಗೆ ಅದೇ ಪಾತ್ರೆ ಒಲೆಗೇರಿಸಿ ಉರಿ ಜೋರು ಮಾಡಿದೆ. ಮೇಲೆ ಇನ್ನೂ ತಣ್ಣಗಿದೆ, ತಳದಲ್ಲಿ ಸೀಯುತ್ತಿದೆ. ವಾಸನೆ ಬಂದ ಕೂಡಲೇ ಗಾಬರಿಯಲ್ಲಿ ಸೌಟು ಹಾಕಿ ತಳ ಕೆರೆದು ಚೆನ್ನಾಗಿ ಕಲಕಿದೆ. ಆ ಒಂದು ಕಲಕಿಗೆ ಅಷ್ಟೂ ಚಿಲಿ ಹೋಯಿತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಂಥ ಒಳ್ಳೆ ರೆಸಿಪಿಯೂ ಇದನ್ನು ಬರೆದಿರುವುದಿಲ್ಲ. ತೆಳು ಸಾರು ಕಾಯುವಾಗ ತಳದ ಬಿಸಿ ನೀರು ಮೇಲೇರುತ್ತದೆ, ಮೇಲಿನ ತಣ್ಣನೆಯದು ಇಳಿಯುತ್ತದೆ. ಅದು ತನ್ನನ್ನು ತಾನೇ ಕಲಕಿಕೊಳ್ಳುತ್ತದೆ. ಚಿಲಿಯಲ್ಲಿ ಹಾಗಾಗುವುದಿಲ್ಲ. ಮಾಂಸದಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಕರಗಿ ಬಂದ ಜೆಲಟಿನ್ ಎಂಬ ಅಂಟು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿ ಇಡೀ ಪಾತ್ರೆಯನ್ನು ಒಂದೇ ಗಡ್ಡೆ ಮಾಡಿರುತ್ತದೆ. ಆ ಜೆಲಟಿನ್ ಬಿಸಿ ತಾಗಿದರೆ ಬೇಗ ಕರಗುತ್ತದೆ, ಸರಿ. ಆದರೆ ಹಿಟ್ಟಿನ ಪಿಷ್ಟ ಕರಗುವ ಪೈಕಿ ಅಲ್ಲ. ಹೀಗಾಗಿ ತಳದ ಪದರ ಎಷ್ಟು ಕಾದರೂ ಮೇಲೇರಲು ದಾರಿಯಿಲ್ಲ, ಅಲ್ಲೇ ಕೂತು ತನ್ನ ನೀರನ್ನು ಕಳೆದುಕೊಳ್ಳುತ್ತದೆ. ನೀರು ಇರುವವರೆಗೆ 100 ಡಿಗ್ರಿ ದಾಟದು. ಆರಿದ ಮರುಕ್ಷಣ ದಾಟುತ್ತದೆ, ಆಗ ಮೆಣಸಿನಕಾಯಿ, ಈರುಳ್ಳಿಗಳ ಸಕ್ಕರೆ ಕಪ್ಪಾಗುತ್ತದೆ.

ಇಲ್ಲಿಯವರೆಗೂ ನಷ್ಟ ತಳಕ್ಕೆ ಅಂಟಿದ ತೆಳು ಪದರದ್ದು ಮಾತ್ರ. ಕೆರೆದಾಗ ಅದು ಎಲ್ಲರ ಪಾಲಿಗೂ ಬರುತ್ತದೆ. ಸೀದ ವಾಸನೆಯ ಬಹುಪಾಲು ಕೊಬ್ಬಿನಲ್ಲಿ ಕರಗುವಂಥದ್ದು, ಚಿಲಿಯ ಬಣ್ಣ, ಘಮ ಎರಡೂ ಇರುವುದು ಮೇಲೆ ತೇಲುವ ಆ ಕೆಂಪು ಎಣ್ಣೆಯಲ್ಲೇ. ಸಕ್ಕರೆ ಹಾಕಿದರೆ ಸೀದದ್ದು ಸಿಹಿಯಾಗುತ್ತದೆ, ವಿನೆಗರ್ ಹಾಕಿದರೆ ಹುಳಿಯಾಗುತ್ತದೆ. ಆಲೂಗಡ್ಡೆ ಹಾಕಿದರೆ ಸೀದ ಆಲೂಗಡ್ಡೆ ಸಿಗುತ್ತದೆ. ವಾಸನೆ ಹೋಗುವುದಿಲ್ಲ.

ಆದ್ದರಿಂದ ಸೌಟಿನ ತುದಿ ತಳದಲ್ಲಿ ಜಾರುವ ಬದಲು ಎಲ್ಲೋ ಒಂದೆಡೆ ತಡೆದ ಹಾಗನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಉರಿ ಆರಿಸಿ. ಕಲಕಬೇಡಿ, ಕೆರೆಯಬೇಡಿ, ಪಾತ್ರೆ ಅಲುಗಿಸಲೂ ಬೇಡಿ. ಮೇಲಿನಿಂದ ಒಂದೊಂದೇ ಸೌಟು ಎತ್ತಿ ಬೇರೆ ಪಾತ್ರೆಗೆ ಹಾಕಿ, ತಳದಲ್ಲಿ ಎರಡು ಬೆರಳು ದಪ್ಪ ಹಾಗೇ ಬಿಡಿ. ಅಷ್ಟು ಕಳೆದುಕೊಳ್ಳಲು ಹೊಟ್ಟೆ ಉರಿಯುತ್ತದೆ, ಉರಿಯಲಿ. ಎತ್ತಿದ್ದರಲ್ಲೂ ಚೂರು ವಾಸನೆ ಇದ್ದರೆ ಮೇಲಿನ ಎಣ್ಣೆ ತೆಗೆದು ನೋಡಿ, ಕೆಲವೊಮ್ಮೆ ಉಳಿಯುತ್ತದೆ.

ಇದಕ್ಕಿಂತ ಸುಲಭದ್ದು, ರಾತ್ರಿ ಗಟ್ಟಿ ಮಾಡದೇ ಇರುವುದು. ಹಿಟ್ಟನ್ನು ಡಬ್ಬಿಯಲ್ಲಿ ಆಫೀಸಿಗೆ ಒಯ್ಯಿರಿ. ಚಿಲಿಗೆ ಬಳಸುವುದು ಮಾಸಾ ಹರಿನಾ, ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದಿಂದ ಮಾಡಿದ ಹಿಟ್ಟು. ನಾಲ್ಕು ಲೀಟರಿಗೆ 4 ದೊಡ್ಡ ಚಮಚ ಸಾಕು. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಚಿಲಿ ಪೂರ್ತಿ ಕುದಿ ಬಂದ ಮೇಲೆ ಸುರಿದು, ಸಣ್ಣ ಉರಿಯಲ್ಲಿ 15 ನಿಮಿಷ ಕೈ ಬಿಡದೆ ಕಲಕಿ. ಮಾಂಸ ಚೆನ್ನಾಗಿ ಬೆಂದಿದ್ದರೆ ಈ ಹಿಟ್ಟಿನ ಅರ್ಧವೂ ಬೇಕಾಗುವುದಿಲ್ಲ.

ಮತ್ತೆ ಬಿಸಿ ಮಾಡುವುದಕ್ಕೆ ಆಫೀಸಿನ ಮೈಕ್ರೋವೇವೇ ವಾಸಿ. ನಗಬೇಡಿ. ಅದರಲ್ಲಿ ತಳ ಹಿಡಿಯುವ ಪ್ರಶ್ನೆಯೇ ಇಲ್ಲ. ಒಂದು ಲೀಟರಿನಷ್ಟು ಗಾಜಿನ ಬೌಲಿಗೆ ಹಾಕಿ, ಎರಡೆರಡು ನಿಮಿಷಕ್ಕೆ ಹೊರತೆಗೆದು ಕಲಕಿದರೆ ಏಳೆಂಟು ನಿಮಿಷದಲ್ಲಿ ಕಾಯುತ್ತದೆ. ನಡುಭಾಗ 74 ಡಿಗ್ರಿ ಮುಟ್ಟಬೇಕು, ಥರ್ಮಾಮೀಟರ್ ಇಟ್ಟು ನೋಡಿ. ನಾಲ್ಕು ಲೀಟರಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಒಲೆಯೇ ಗತಿಯಾದರೆ ದಪ್ಪ ತಳದ ಪಾತ್ರೆ, ಮೊದಲು ಒಂದು ಕಪ್ ಬಿಸಿ ಸ್ಟಾಕ್ (ಮೂಳೆ, ಮಾಂಸ ಬೇಯಿಸಿ ಸೋಸಿದ ತಿಳಿ), ಅದರ ಮೇಲೆ ಚಿಲಿಯನ್ನು ತುಂಡು ಮಾಡಿ ಹಾಕಿ, ಗಡ್ಡೆ ಒಡೆಯುವವರೆಗೆ ಸಣ್ಣ ಉರಿ. ಸ್ಲೋ ಕುಕ್ಕರಿನಲ್ಲಿ, ಅಂದರೆ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಯಲ್ಲಿ, ಮಾತ್ರ ತಣ್ಣನೆಯ ಚಿಲಿ ಬಿಸಿಗೆ ಇಡಬೇಡಿ. ಬಿಸಿ ಇದ್ದದ್ದನ್ನು ಬಿಸಿಯಾಗಿ ಉಳಿಸುವುದಷ್ಟೇ ಇಲ್ಲಿ ಅದರ ಕೆಲಸ. ತಣ್ಣಗಿದ್ದದ್ದು ಅದರೊಳಗೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂರುತ್ತದೆ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ. ಕಾದ ಮೇಲೆ ಅದಕ್ಕೆ ಸುರಿದು 60 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.

ಹಿಂದಿನ ರಾತ್ರಿ ತಣಿಸುವುದರಲ್ಲೂ ಇದೇ ಲೆಕ್ಕ ಬರುತ್ತದೆ. ನಾಲ್ಕು ಲೀಟರಿನ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೆ ನಡುಭಾಗ ಬೆಳಗಿನ ಜಾವದವರೆಗೂ ಬೆಚ್ಚಗಿರುತ್ತದೆ. ಅಗಲವಾದ ಟ್ರೇಗಳಲ್ಲಿ 5 ಸೆಂಟಿಮೀಟರ್ ಆಳ ಮೀರದಂತೆ ಹರಡಿ. 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ಬೆಳಿಗ್ಗೆ ಮೇಲೆ ಕಿತ್ತಳೆ ಬಣ್ಣದ ಕೊಬ್ಬಿನ ಪದರ ಕಟ್ಟಿರುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ತೆಗೆಯಿರಿ, ಒಂದು ಪಾಲು ಬಿಡಿ. ಪೂರ್ತಿ ತೆಗೆದರೆ ಮೇಲೆ ಹೇಳಿದ ಬಣ್ಣ, ಘಮ ಕಸದ ಬುಟ್ಟಿಗೆ ಹೋಗುತ್ತವೆ.

ಇನ್ನು ಚಿಲಿಯದೇ ವಿಷಯ. 60 ಮಿಲಿಲೀಟರಿನ ರುಚಿ ನೋಡುವ ಕಪ್ಪಿನಲ್ಲಿ ಸುಮಾರು 60 ಜನಕ್ಕೆ ಸಾಲುವ ಲೆಕ್ಕ ಇದು: ಎರಡೂವರೆ ಕಿಲೋ ಬೀಫ್, ಹೆಗಲಿನ ಭಾಗದ್ದು. ಮೆಕ್ಸಿಕೋದ ಒಣಮೆಣಸಿನಕಾಯಿಗಳಲ್ಲಿ 100 ಗ್ರಾಂ ಆಂಚೊ, 50 ಗ್ರಾಂ ಗುವಾಹಿಯೊ, ಖಾರಕ್ಕೆ ಮೂರೇ ಮೂರು ಆರ್ಬೊಲ್. ಅರ್ಧ ಕಿಲೋ ಈರುಳ್ಳಿ, 12 ಎಸಳು ಬೆಳ್ಳುಳ್ಳಿ, 2 ದೊಡ್ಡ ಚಮಚ ಜೀರಿಗೆ, ಒಂದು ದೊಡ್ಡ ಚಮಚ ಓರೆಗಾನೊ, ಉಪ್ಪಿಲ್ಲದ ಸ್ಟಾಕ್ ಎರಡು ಲೀಟರ್. ಅಮೆರಿಕದಲ್ಲಿ ಡಬ್ಬಿಯಲ್ಲಿ ಬರುವ ಚಿಲಿ ಪೌಡರಿನಲ್ಲಿ ಸಾಮಾನ್ಯವಾಗಿ ಜೀರಿಗೆ, ಬೆಳ್ಳುಳ್ಳಿ, ಕೆಲವೊಮ್ಮೆ ಉಪ್ಪೂ ಸೇರಿರುತ್ತದೆ. ಅದನ್ನೇ ನಂಬಿಕೊಂಡರೆ ಯಾವುದನ್ನು ಎಷ್ಟು ಹಾಕಿದಿರಿ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು ಒಣ ಬಾಣಲೆಯಲ್ಲಿ ಒಂದೊಂದು ಬದಿಗೆ 20ರಿಂದ 30 ಸೆಕೆಂಡ್ ಬಿಸಿ ತಾಗಿಸಿ. ಘಮ ಬಂತು, ಸಿಪ್ಪೆ ಮೆತ್ತಗಾಯಿತು, ಅಷ್ಟೇ, ಇಳಿಸಿ. ಕೆಮ್ಮು ಬಂತೆಂದರೆ ಸೀದಿದೆ. ಆ ಕಾಯಿ ಎಸೆಯಿರಿ, ಕಹಿ ಮುಂದೆ ಯಾವ ಹಂತದಲ್ಲೂ ಹೋಗದು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೆನೆಸಿದ ನೀರನ್ನು ನೆಕ್ಕಿ ನೋಡಿ, ಕಹಿ ಇದ್ದರೆ ಚೆಲ್ಲಿ ಸ್ಟಾಕ್ ಹಾಕಿಯೇ ರುಬ್ಬಿ. ಗುವಾಹಿಯೊ ಸಿಪ್ಪೆ ಎಷ್ಟು ರುಬ್ಬಿದರೂ ಹಾಗೇ ಉಳಿಯುತ್ತದೆ, ತಿನ್ನುವವರ ಅಂಗುಳಿಗೆ ಕಾಗದದ ಚೂರಿನ ಹಾಗೆ ಅಂಟುತ್ತದೆ. ಜರಡಿ ಹಿಡಿಯದೆ ಬಿಡಬೇಡಿ.

ಮಾಂಸವನ್ನು ಸಣ್ಣಗೆ ಹೆಚ್ಚಿ ಒಟ್ಟಿಗೆ ಪಾತ್ರೆಗೆ ಸುರಿದರೆ ನೀರು ಬಿಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ, ಹುರಿಯುವುದಿಲ್ಲ. ಮೂರು ಸೆಂಟಿಮೀಟರ್ ದಪ್ಪದ ದೊಡ್ಡ ತುಂಡುಗಳನ್ನೇ ಮೊದಲು ಎರಡೂ ಬದಿ ನಾಲ್ಕೈದು ನಿಮಿಷ ಕಂದು ಮಾಡಿಕೊಂಡು, ಆಮೇಲೆ ಒಂದೂವರೆ ಸೆಂಟಿಮೀಟರಿನ ಚೌಕ ಮಾಡಿ. ಅರ್ಧದಷ್ಟು ಮಾಂಸಕ್ಕೆ ಹೀಗೆ ಮಾಡಿದರೂ ಸಾಕು. ತಳಕ್ಕೆ ಅಂಟಿದ ಕಂದು ಪದಾರ್ಥವನ್ನು ಈರುಳ್ಳಿ ಹಾಕಿ, ಸ್ಟಾಕ್ ಚಿಮುಕಿಸಿ ಕೆರೆದುಕೊಳ್ಳಿ. ಇಲ್ಲಿ ಕೆರೆಯುವುದು ಸರಿ, ಅದು ಕಂದು. ಕಪ್ಪಾಗಿದ್ದರೆ ಪಾತ್ರೆ ತೊಳೆದು ಮುಂದುವರಿಯಿರಿ. ರುಬ್ಬಿದ್ದು, ಮಾಂಸ, ಸ್ಟಾಕ್ ಸೇರಿಸಿ, ಗುಳ್ಳೆ ಅಲ್ಲೊಂದು ಇಲ್ಲೊಂದು ಏಳುವಷ್ಟು ಉರಿಯಲ್ಲಿ ಎರಡು ಗಂಟೆ. ಬೆರಳಲ್ಲಿ ಒತ್ತಿದರೆ ತುಂಡು ಸೀಳಬೇಕು, ಪುಡಿಯಾಗಬಾರದು. ನಾಳೆ ಇನ್ನೊಮ್ಮೆ ಬಿಸಿಯಾಗಲಿಕ್ಕಿದೆ, ಹಾಗಾಗಿ ಸ್ವಲ್ಪ ಬಿಗಿ ಇರುವಾಗಲೇ ಇಳಿಸಿ.

ಖಾರಕ್ಕೆ ಬಂದರೆ, 1967ರಲ್ಲಿ ಟೆಕ್ಸಸ್ಸಿನ ಟೆರ್ಲಿಂಗ್ವಾದಲ್ಲಿ ನಡೆದ ಹೆಸರಾಂತ ಚಿಲಿ ಸ್ಪರ್ಧೆ ಸಮಬಲದಲ್ಲಿ ಮುಗಿಯಿತು. ನಿರ್ಣಾಯಕ ಓಟು ಹಾಕಬೇಕಿದ್ದ ಮೂರನೇ ತೀರ್ಪುಗಾರ ತನ್ನ ನಾಲಿಗೆಯೇ ಕೆಲಸ ಮಾಡುತ್ತಿಲ್ಲ ಎಂದು ಕೈಚೆಲ್ಲಿದ. ತಮಾಷೆಯೋ ನಿಜವೋ, ಪಾಠ ಅದೇ. ತೀರ್ಪುಗಾರರು ಬಟ್ಟಲು ತುಂಬ ತಿನ್ನುವುದಿಲ್ಲ, ಸಾಲಾಗಿ ಇಟ್ಟ ಹತ್ತಾರು ಕಪ್ಪುಗಳಲ್ಲಿ ಎರಡೆರಡು ಚಮಚ ನೋಡುತ್ತಾರೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಒಂದರ ಮೇಲೊಂದು ಏರುತ್ತಾ ಹೋಗುತ್ತದೆ. ನಿಮ್ಮದು ನಾಲಿಗೆ ಸುಟ್ಟರೆ ನಿಮ್ಮ ಮಾಂಸದ ರುಚಿಯೂ ಅವರಿಗೆ ಗೊತ್ತಾಗುವುದಿಲ್ಲ. ಅಡುಗೆ ಮಾಡುತ್ತಾ ಮಾಡುತ್ತಾ ನೆಕ್ಕಿದವರ ನಾಲಿಗೆಯೂ ಮರಗಟ್ಟಿರುತ್ತದೆ, ಆದ್ದರಿಂದ ಕೊನೆಯ ರುಚಿಯನ್ನು ಬೇರೆಯವರ ಕೈಯಲ್ಲಿ ನೋಡಿಸಿ.

ಎರಡು ಚಮಚದಲ್ಲಿ ಗೆಲ್ಲಿಸುವುದು ಉಪ್ಪು, ಹುಳಿ, ಹೊಸ ಜೀರಿಗೆಯ ಘಮ. ಉಪ್ಪು ಒಟ್ಟು ತೂಕದ ಶೇಕಡಾ ಒಂದರ ಆಸುಪಾಸು, ನಾಲ್ಕು ಕಿಲೋ ಚಿಲಿಗೆ 40 ಗ್ರಾಂ. ರಾತ್ರಿ 25 ಗ್ರಾಂ ಮಾತ್ರ ಹಾಕಿ, ಉಳಿದದ್ದನ್ನು ಬಡಿಸುವ ಮುಂಚೆ ನೋಡಿಕೊಂಡು ಹಾಕಿ, ಬಿಸಿ ಮಾಡುವಾಗ ನೀರು ಆರಿ ಉಪ್ಪು ಮುಂದಾಗುತ್ತದೆ. ಜೀರಿಗೆಯನ್ನೂ ಹಾಗೆಯೇ ಎರಡು ಪಾಲು ಮಾಡಿ. ಹುರಿದು ಪುಡಿ ಮಾಡಿದ ಎರಡನೇ ಪಾಲು ಬಡಿಸಲು 20 ನಿಮಿಷ ಇರುವಾಗ ಹೋಗಬೇಕು, ರಾತ್ರಿಯದ್ದರ ಘಮ ಅಷ್ಟರಲ್ಲಿ ಮಂಕಾಗಿರುತ್ತದೆ. ಕಡೆಯಲ್ಲಿ ಎರಡು ದೊಡ್ಡ ಚಮಚ ವಿನೆಗರ್. ಹುಳಿ ಗೊತ್ತಾಗಬಾರದು, ಬಾಯಿ ಚುರುಕಾಗಬೇಕು. ಆ ಕಾಫಿ ಪುಡಿ ಇಷ್ಟೆಲ್ಲ ಸರಿಯಾದ ಮೇಲೂ ಬೇಕನಿಸಿದರೆ ಹಾಕಿ. ನನಗಂತೂ ಅದು ಇನ್ನೊಂದು ಕಹಿ ಅಷ್ಟೇ.

ರಾಜ್ಮಾ ಕಾಳು, ಅಂದರೆ ಕಿಡ್ನಿ ಬೀನ್ಸ್, ಹಾಕಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಆಫೀಸಿನ ನಿಯಮದಲ್ಲಿ ನೋಡಿ. ಚಿಲಿಯನ್ನು 1977ರಲ್ಲಿ ರಾಜ್ಯದ ಖಾದ್ಯವೆಂದು ಘೋಷಿಸಿದ ಟೆಕ್ಸಸ್ಸಿನಲ್ಲಿ ಅದು ಅಪಚಾರ, ಅಲ್ಲಿನ ಸಿ.ಎ.ಎಸ್.ಐ. (ಚಿಲಿ ಅಪ್ರಿಸಿಯೇಷನ್ ಸೊಸೈಟಿ ಇಂಟರ್‌ನ್ಯಾಷನಲ್) ಎಂಬ ಸಂಘದ ಸ್ಪರ್ಧೆಗಳಲ್ಲಿ ಬೀನ್ಸ್ ಕಂಡರೆ ಹೊರಗೆ. ಬೇರೆ ಕಡೆ ಬೀನ್ಸ್ ಇಲ್ಲದಿದ್ದರೆ ಜನ ಇದೇನು ಚಿಲಿ ಅನ್ನುತ್ತಾರೆ. ಒಣ ಕಾಳು ಬಳಸುವುದಾದರೆ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಆಮೇಲೆ ಮೆತ್ತಗಾಗುವವರೆಗೆ ಬೇರೆಯಾಗಿಯೇ ಬೇಯಿಸಿ. ಹಸಿ ಕಾಳಿನಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಸ್ಲೋ ಕುಕ್ಕರಿನ ಬಿಸಿಗೆ ನಾಶವಾಗದು, ವಾಂತಿ ತರಿಸುತ್ತದೆ. ಟೊಮೆಟೊ ಇರುವ ಸಾರಿನಲ್ಲಿ ಕಾಳು ಮೆತ್ತಗಾಗಲು ಹಠ ಮಾಡುತ್ತದೆ, ಅದಕ್ಕೂ ಬೇರೆ ಬೇಯಿಸುವುದೇ ಸರಿ. ಡಬ್ಬಿಯ ಬೀನ್ಸ್ ಬೆಂದೇ ಇರುತ್ತದೆ, ತೊಳೆದು ಕೊನೆಯ ಅರ್ಧ ಗಂಟೆಗೆ ಹಾಕಿ.

ಚೀಸ್, ಕೊತ್ತಂಬರಿ ಸೊಪ್ಪು, ಹೆಚ್ಚಿದ ಈರುಳ್ಳಿ ಪಕ್ಕದಲ್ಲಿರಲಿ, ಕಪ್ಪಿಗೆ ನೀವೇ ಹಾಕಬೇಡಿ. ಆಫೀಸಿಗೆ ಒಯ್ಯುವ ಚೀಲದಲ್ಲಿ ಥರ್ಮಾಮೀಟರ್, ಉಪ್ಪು, ವಿನೆಗರ್, ಹಿಟ್ಟಿನ ಡಬ್ಬಿ, ಅರ್ಧ ಲೀಟರ್ ಸ್ಟಾಕ್, ಮತ್ತೆ ಒಂದು ಖಾಲಿ ಪಾತ್ರೆ ಇರಲಿ. ಖಾಲಿ ಪಾತ್ರೆ ಯಾಕೆ ಅಂತ ಈಗ ಕೇಳುವುದಿಲ್ಲ ಅಂದುಕೊಂಡಿದ್ದೇನೆ.