ಮೊದಲು ಗೆರೆ, ಆಮೇಲೆ ಆಡು

ಅರ್ಧ ಎಕರೆ ಇಳಿಜಾರು, ಮಳೆಗೆ ಮೇಲ್ಮಣ್ಣು ಕೊಚ್ಚಿ ಹೋಗುತ್ತಿದೆ, ಅಲ್ಲೇ ಆಡು ಸಾಕಬಹುದಾ ಎಂದು ಕೇಳಿದ್ದೀರಿ. ಸಾಕಬಹುದು, ಆದರೆ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿ. ಬಿಟ್ಟರೆ ಒಂದು ಗಿಡವೂ ಉಳಿಯುವುದಿಲ್ಲ.

ಮೊದಲು ಸಮಪಾತಳಿ ಗೆರೆ ಹಾಕಿ, ಅಂದರೆ ಇಳಿಜಾರಿಗೆ ಅಡ್ಡವಾಗಿ ಉದ್ದಕ್ಕೂ ಒಂದೇ ಮಟ್ಟದಲ್ಲಿ ಸಾಗುವ ಗೆರೆ. ಮೂರು ಕೋಲನ್ನು ಇಂಗ್ಲಿಷಿನ ‘ಎ’ ಅಕ್ಷರದಂತೆ ಕಟ್ಟಿ, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ದಾರ ಅಡ್ಡಕೋಲಿನ ನಡುವಿನ ಗುರುತಿಗೆ ಬಂದರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ; ಕಾಲಿದ್ದಲ್ಲಿ ಗುರುತು ಹಾಕುತ್ತ ಮುಂದೆ ಸಾಗಿ. ದುಡ್ಡೇನೂ ಬೇಡ, ತಾಳ್ಮೆ ಜಾಸ್ತಿ ಬೇಕು. ಎತ್ತರ ಸುಮಾರು 1 ಮೀಟರ್ ಇಳಿದ ಕಡೆಯೆಲ್ಲ ಒಂದೊಂದು ಗೆರೆ. ಅದರ ಮೇಲೆ ಮಣ್ಣು ತಡೆಯಲು ಗ್ಲಿರಿಸಿಡಿಯಾ (ಬೇಗ ಬೆಳೆಯುವ ಸೊಪ್ಪಿನ ಗಿಡ) ಒತ್ತಾಗಿ ಎರಡು ಸಾಲು. ಸವರಿದ ಸೊಪ್ಪು ನೆಲಕ್ಕೆ ಹೊದಿಕೆ, ಸ್ವಲ್ಪ ಆಡಿಗೆ. ಅದರ ವಾಸನೆಗೆ ಆಡು ಮೊದಮೊದಲು ಮೂತಿ ತಿರುಗಿಸುತ್ತದೆ, ಬಾಡಿಸಿ ಕೊಡಿ. ಉಳುಮೆ ಮಾತ್ರ ಇಳಿಜಾರಿಗೆ ಅಡ್ಡವಾಗಿಯೇ ಇರಲಿ.